ಮೌನಕ್ಕೂ ಒಂದು ಗಡುವು

ನೆರೆಮನೆಯ ಹಿತ್ತಿಲ ಚಿಲಕ ಸಡಿಲವಾಗಿದೆಯೆಂದು ನಮಗೆ ಗೊತ್ತಾದರೆ ಏನು ಮಾಡುತ್ತೇವೆ? ಬೀದಿಯಲ್ಲಿ ನಿಂತು ಕೂಗಿದರೆ ಕಳ್ಳನಿಗೂ ಕೇಳಿಸುತ್ತದೆ. ಮನೆಯವರನ್ನು ಕರೆದು ಮೆಲ್ಲಗೆ ಹೇಳುತ್ತೇವೆ. ಆದರೆ ಅಂಥದೇ ಚಿಲಕ ಊರಿನ ಮನೆಮನೆಯಲ್ಲೂ ಇದ್ದರೆ ಮೊದಲು ಯಾರಿಗೆ ಹೇಳಬೇಕು? ಉಳಿದವರಿಗೆ ಎಷ್ಟು ದಿನ ಮುಚ್ಚಿಡಬಹುದು?

ಕಂಪ್ಯೂಟರಿನ ಲೋಕದಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತ್ತು. ಕಂಪ್ಯೂಟರಿನ ಸಕಲ ವ್ಯವಹಾರವನ್ನೂ ನೋಡಿಕೊಳ್ಳುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರ ಮೆಮೊರಿಯಲ್ಲಿ ನಮ್ಮ ಪಾಸ್‌ವರ್ಡಿನಂಥ ಗುಟ್ಟುಗಳೂ ಇರಬಹುದು. ಬೇರೆ ಪ್ರೋಗ್ರಾಮುಗಳು ಅಲ್ಲಿ ಇಣುಕುವಂತಿಲ್ಲ. 2017ರಲ್ಲಿ ಗೂಗಲ್‌ನ ಸಂಶೋಧಕರು, ಆಮೇಲೆ ಸ್ವತಂತ್ರವಾಗಿ ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು, ಈ ಗೋಡೆಯಲ್ಲಿ ಬಿರುಕು ಕಂಡರು. ವೇಗದ ಆಸೆಗೆ ಪ್ರೊಸೆಸರು ಅಪ್ಪಣೆಯ ವಿಚಾರಣೆ ಮುಗಿಯುವ ಮೊದಲೇ ನಿಷಿದ್ಧ ಜಾಗವನ್ನು ಓದಿಬಿಡುತ್ತಿತ್ತು. ಅಪ್ಪಣೆಯಿಲ್ಲವೆಂದು ತಿಳಿದ ಮೇಲೆ ಓದಿದ್ದನ್ನು ಕೈಬಿಟ್ಟರೂ, ಕ್ಯಾಶ್ ಎಂಬ ಪುಟ್ಟ ಸಂಗ್ರಹದಲ್ಲಿ ಅದರ ಸುಳಿವು ಉಳಿಯುತ್ತಿತ್ತು. ಯಾವುದು ಬೇಗ ಸಿಗುತ್ತದೆಂದು ಕಾಲ ಅಳೆದರೆ ಗುಟ್ಟು ತಿಳಿಯುತ್ತಿತ್ತು. ಮೆಲ್ಟ್‌ಡೌನ್ ಎಂದು ಹೆಸರಾದ ಈ ದೋಷ 1995ರಿಂದೀಚಿನ ಬಹುತೇಕ ಇಂಟೆಲ್ ಪ್ರೊಸೆಸರುಗಳಲ್ಲಿ ಇರಬಹುದೆಂದು ಸಂಶೋಧಕರು ಹೇಳಿದರು.

ತಯಾರಕರಿಗೆ 2017ರಲ್ಲೇ ಗುಟ್ಟಾಗಿ ತಿಳಿಸಲಾಯಿತು. ಲೋಕಕ್ಕೆ ಸಾರಲು 2018ರ ಜನವರಿ 9 ಗೊತ್ತಾಗಿತ್ತು. ಸುದ್ದಿ ಸೋರಿದ್ದರಿಂದ ಜನವರಿ 3ರಂದೇ ಬಯಲಾಯಿತು. ನಡುವಿನ ತಿಂಗಳುಗಳ ಮೌನ ತಪ್ಪೆ? ಪೂರ್ತಿ ತಪ್ಪೆನ್ನಲಾರೆ. ಆ ಅವಧಿಯಲ್ಲಿ ಕರ್ನಲಿನ ಮೆಮೊರಿಯನ್ನು ಪ್ರೋಗ್ರಾಮುಗಳ ಕಣ್ಣಿನಿಂದ ಬೇರ್ಪಡಿಸುವ ದುರಸ್ತಿ ನಡೆದಿತ್ತು. ಆದರೆ ದೊಡ್ಡ ಕಂಪನಿಗಳಿಗೆ ಮೊದಲೇ ತಿಳಿದದ್ದು ಎಷ್ಟೋ ಸಣ್ಣ ಕಂಪನಿಗಳಿಗೆ ತಿಳಿಯಲಿಲ್ಲ. ಅಮೆರಿಕ ಸರ್ಕಾರದ ಕಂಪ್ಯೂಟರ್ ಸುರಕ್ಷತಾ ವಿಭಾಗಕ್ಕೂ, ಸುದ್ದಿ ಬಯಲಾಗುವವರೆಗೆ ಇಂಟೆಲ್ ತಿಳಿಸಿರಲಿಲ್ಲ.

ನಮ್ಮ ಮನೆಗಳಲ್ಲೂ ಮೌನದ ಪಾಠ ಹೆಣ್ಣುಮಕ್ಕಳಿಗೇ ಮೊದಲು. "ಮನೆ ಮಾತು ಹೊರಗೆ ಹೋಗಬಾರದು." ಹುಡುಗನ ಕಾಯಿಲೆ ಮನೆಯ ಹಿರಿಯರಿಗೆಲ್ಲ ಗೊತ್ತು, ಅವನನ್ನು ಕೈಹಿಡಿಯುವ ಹುಡುಗಿಗೆ ಮಾತ್ರ ಗೊತ್ತಿಲ್ಲ. ಅಳಿಯ ಹೊಡೆಯುತ್ತಾನೆಂದು ತಿಳಿದೂ "ಸ್ವಲ್ಪ ದಿನ ನೋಡೋಣ" ಎನ್ನುತ್ತೇವೆ. ಆ ಸ್ವಲ್ಪ ದಿನದಲ್ಲಿ ಯಾರಾದರೂ ಏನಾದರೂ ಸರಿಪಡಿಸುತ್ತಿದ್ದಾರೆಯೆ? ಅದು ಯಾವತ್ತಿಗೆ ಮುಗಿಯುತ್ತದೆ? ಕೇಡು ಯಾರ ಮೈಮೇಲೆ ಬರುವುದೋ ಅವಳಿಗೆ ವಿಷಯ ತಿಳಿದಿದೆಯೆ?

ಈ ಮೂರಕ್ಕೂ ಉತ್ತರವಿದ್ದರೆ ಆ ಮೌನವನ್ನು ವಿವೇಕವೆನ್ನೋಣ. ಇಲ್ಲವಾದರೆ ನಾವು ಕಾಯುತ್ತಿರುವುದು ಮರ್ಯಾದೆಯನ್ನಷ್ಟೇ, ಮನುಷ್ಯರನ್ನಲ್ಲ.