ಕೀಟಹಿಂಸೆ: ಒಂದು ವಿಚಾರ

ಬಾರಾನಗರದಲ್ಲಿ ನೆಲೆಸಿರುವ ನಮಗೆ ಮೀನಿನ ಬಜಾರನ್ನು ದಾಟದೆ ಗಂಗಾಸ್ನಾನಕ್ಕೆ ಹೋಗಲು ಮಾರ್ಗವಿಲ್ಲ. ನಮ್ಮ ಈ ಉತ್ತರ ಇಪ್ಪತ್ತನಾಲ್ಕು ಪರಗಣ ಜಿಲ್ಲೆಯಲ್ಲಿಯೇ, ಪೂರ್ವಕ್ಕೆ ಸಾಗಿದರೆ, 'ಭೇರಿ' ಎಂದು ಕರೆಯಲ್ಪಡುವ ವಿಶಾಲವಾದ ಕೆರೆಗಳಲ್ಲಿ ಸಿಗಡಿಯನ್ನು ಸಾಕುತ್ತಾರೆ. ಇತ್ತೀಚೆಗೆ ಒಂದು ದ್ವಾದಶಿಯಂದು ಪಾರಣೆಗೆ ಬಂದಿದ್ದ ಮಿತ್ರರ ಮಗ ನಮ್ಮನ್ನು ಪಕ್ಕಕ್ಕೆ ಕರೆದು ಕೇಳಿದ: "ಕಾಕಾ, ಸಿಗಡಿಯ ಆಹಾರ ಸಿದ್ಧಪಡಿಸುವ ಕಡೆ ನನಗೆ ಕೆಲಸ ಸಿಕ್ಕಿದೆ. ಹುಳುಗಳನ್ನು ಸಾಕಿ ಜೀವಂತವಾಗಿಯೇ ಕೆರೆಗೆ ಹಾಕಬೇಕಂತೆ. ತಂಗಿಯ ಮದುವೆಯ ಸಾಲ ತೀರಬೇಕು. ಇದರಲ್ಲಿ ದೋಷವುಂಟೆ?"

"ನಾವು ಸಿಗಡಿ ತಿನ್ನುವವರಲ್ಲ, ನಮಗೇಕೆ ಈ ಚಿಂತೆ?" ಎಂದು ಹೇಳಿ ಜಾರಿಕೊಳ್ಳುವಂತಿರಲಿಲ್ಲ.

ಈ ಉದ್ಯಮದ ಪರವಾದ ವಾದ ದುರ್ಬಲವೇನಲ್ಲ. ಸಿಗಡಿಯ ಆಹಾರಕ್ಕೆಂದು ಸಮುದ್ರದ ಸಣ್ಣ ಮೀನುಗಳನ್ನು ಹಿಡಿದು ಪುಡಿ ಮಾಡುವುದು ವಾಡಿಕೆ. ಅದಕ್ಕೆ ಬದಲಾಗಿ 'ಬ್ಲ್ಯಾಕ್ ಸೋಲ್ಜರ್' ಎಂಬ ನೊಣದ ಮರಿಹುಳುಗಳನ್ನು ಅಡಿಗೆಮನೆಯ ಕಸದಲ್ಲಿಯೇ ಬೆಳೆಸಬಹುದು. ಒಣಗಿಸಿದ ಹುಳುವಿನಲ್ಲಿ ಶೇಕಡಾ 40ರಷ್ಟು ಪ್ರೋಟೀನ್ ಇರುತ್ತದೆ. ಕಸವೂ ಕರಗುತ್ತದೆ, ಸಮುದ್ರದ ಮೀನೂ ಉಳಿಯುತ್ತದೆ.

ಜೀವಿಗೆ ಜೀವಿಯೇ ಆಹಾರವೆಂದು ಭಾಗವತವೂ ಹೇಳಿಲ್ಲವೆ ಎಂದು ಕೆಲವರು ಕೇಳಬಹುದು. ಅದು ಶೋಕದಲ್ಲಿದ್ದ ಯುಧಿಷ್ಠಿರನಿಗೆ ನಾರದರು ತಿಳಿಸಿದ ಲೋಕಸ್ಥಿತಿ, ಕೊಲ್ಲೆಂಬ ವಿಧಿಯಲ್ಲ. ಯಜ್ಞದಲ್ಲಿಯೂ ಪಶುವಿಗೆ ಬದಲು ಹಿಟ್ಟಿನ ಪಶುವನ್ನು ತಂದ ಪರಂಪರೆ ನಮ್ಮದು.

ಹುಳು ಅತ್ಯಲ್ಪವೆಂಬುದು ಮತ್ತೊಂದು ವಾದ. ಸರಕನ್ನು ಟನ್ನುಗಳಲ್ಲಿ ಎಣಿಸುವುದು ರೈಲ್ವೆಯಲ್ಲಿ ನಮ್ಮ ವೃತ್ತಿಯಾಗಿತ್ತು. ಆದರೆ ಒಂದು ಕಿಲೋ ಹುಳುವೆಂದರೆ ಸಾವಿರಾರು ಜೀವಗಳು. ಜೀವ-ಜೀವರಿಗೆ ಭೇದವನ್ನು ಹೇಳುವ ನಮ್ಮ ಸಿದ್ಧಾಂತದಲ್ಲಿ ಅವುಗಳಲ್ಲಿ ಒಂದೊಂದೂ ಬೇರೆ ಜೀವವೇ, ಒಂದೊಂದರಲ್ಲಿಯೂ ಅಂತರ್ಯಾಮಿಯಾದ ಹರಿಯಿದ್ದಾನೆ. ಬ್ರಿಟನ್ನಿನ 2022ರ ಕಾನೂನು ಸಿಗಡಿಯನ್ನು ನೋವನ್ನರಿಯುವ ಪ್ರಾಣಿಗಳ ಸಾಲಿಗೆ ಸೇರಿಸಿತು, ಕೀಟವನ್ನು ಸೇರಿಸಲಿಲ್ಲ. ಮಹಾಭಾರತದ ಅನುಶಾಸನಪರ್ವದಲ್ಲಿ ಬಂಡಿಗೆ ಹೆದರಿ ಓಡುವ ಕೀಟವಾದರೋ ವ್ಯಾಸರೆದುರು ತನಗೂ ಪ್ರಾಣ ಪ್ರಿಯವೆಂದೇ ಹೇಳುತ್ತದೆ.

ಒಲೆ, ಒರಳು, ಪೊರಕೆಗಳಿಂದಲೂ ಕೀಟಗಳು ಸಾಯುತ್ತವೆ. ಅದು ಗೃಹಸ್ಥನಿಗೆ ಅನಿವಾರ್ಯವೆಂದೇ ಶಾಸ್ತ್ರವು ಪಂಚಮಹಾಯಜ್ಞಗಳನ್ನು ಪರಿಹಾರವಾಗಿ ವಿಧಿಸಿತು. ತಿಳಿದೂ ಮಾಡುವ ಹಿಂಸೆ ಬೇರೆ. ಬಾಲ್ಯದಲ್ಲಿ ಕೀಟಗಳನ್ನು ಕಡ್ಡಿಯಿಂದ ಚುಚ್ಚಿದುದಕ್ಕಾಗಿ ಮಾಂಡವ್ಯರು ಶೂಲವನ್ನೇರಬೇಕಾಯಿತು. ಬಾಲಕನ ತಪ್ಪಿಗೆ ಆ ಶಿಕ್ಷೆ ಅತಿಯಾಯಿತೆಂದು ಅವರು ಧರ್ಮನನ್ನೇ ಶಪಿಸಿದರು, ನಿಜ. ಆದರೆ ಬಾಲಕನಿಗೆ ದೊರೆಯುವ ವಿನಾಯಿತಿ ತಿಳಿದ ನಮಗೆ ದೊರೆಯದು.

ಆದುದರಿಂದ, "ಜೀವಂತವಾಗಿ ಹಾಕುವ ಕೆಲಸಕ್ಕೆ ನಿನ್ನ ಕೈ ಒಡ್ಡಬೇಡ, ಬೇರೆ ವಿಭಾಗವನ್ನು ಕೇಳಿ ನೋಡು" ಎಂದೆವು. ಅವನು ತಲೆಬಾಗಿ ಕೇಳಿದ. ಬಳಿಕ ನಾವು ಉಟ್ಟಿದ್ದ ಪಟ್ಟೆಮಡಿಯನ್ನು ನೋಡಿ, "ಇದರ ಹುಳು ಎಲ್ಲಿಗೆ ಹೋಯಿತು ಕಾಕಾ?" ಎಂದ.

ನಾವು ಉತ್ತರಿಸಲಾರದೆ ಹೋದೆವು. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದ ಮೇಲೆಯೇ ರೇಷ್ಮೆಯ ನೂಲು ತೆಗೆಯುವುದು. ನಮ್ಮ ಕರ್ನಾಟಕದಲ್ಲಿಯೇ ಆ ಹುಳುಗಳು ಮೀನು, ಕೋಳಿಗಳ ಆಹಾರಕ್ಕೆ ಮಾರಾಟವಾಗುತ್ತವೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅವನ ಕಸುಬಿನಲ್ಲಿ ನಾವು ಕಂಡ ದೋಷ ನಮ್ಮ ದೇವರ ಮನೆಯಲ್ಲಿಯೂ ಇತ್ತು.

ಆ ದಿನದಿಂದ ಮಡಿಯಲ್ಲಿ ಒಗೆದು ಒಣಹಾಕಿದ ಹತ್ತಿಯ ಧೋತ್ರವನ್ನೇ ಉಟ್ಟು ಪೂಜೆಗೆ ಕುಳಿತುಕೊಳ್ಳುತ್ತಿದ್ದೇವೆ. ಅವನು ಇನ್ನೂ ಬೇರೆ ವಿಭಾಗಕ್ಕಾಗಿ ಕಾಯುತ್ತಿದ್ದಾನೆ. ಸಾಲವುಳ್ಳ ಅವನ ತ್ಯಾಗ ನಮ್ಮದಕ್ಕಿಂತ ಕಠಿಣವಾದುದು. ಅವನಿಗೆ ಬೇರೆ ದಾರಿ ತೋರಿಸಬಲ್ಲ ಬಂಧುಗಳು ನಮ್ಮಲ್ಲಿದ್ದರೆ ದಯಮಾಡಿ ಮುಂದೆ ಬರಬೇಕು.

ಶ್ರೀಕೃಷ್ಣಾರ್ಪಣಮಸ್ತು.