ಇಂದಿನ ಚಿಂತನೆ: ಚಳಿಗಾಲದ ಮೀನು ಮತ್ತು ಮೊದಲ ಶೀಲ



ಪ್ರಾಣಹಿಂಸೆಯಿಂದ ದೂರವಿರುವುದು ಪಂಚಶೀಲದ ಮೊದಲ ಶೀಲ. ದಿನವೂ ಹೇಳುತ್ತೇವೆ. ಮಾರ್ಗಶಿರ, ಪುಷ್ಯ ಬಂತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಮೀನಿನ ಸಾರೂ ಕುದಿಯುತ್ತದೆ. ಆ ಮೀನನ್ನು ಯಾರೋ ಹಿಡಿದು ಕೊಂದಿರುತ್ತಾರೆ. ಹಿಡಿದವರು ನಮ್ಮವರೇ ಆದರೆ ಅವರು ಶೀಲ ತೆಗೆದುಕೊಳ್ಳಬಹುದೇ?

ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಬಳಗಕ್ಕೆ ಬರುತ್ತಿದ್ದ ಒಬ್ಬ ಹಿರಿಯರು, ಕೂಲಿ ಮಾಡುವವರು, ಹುಣ್ಣಿಮೆಯ ವಂದನೆ ಮುಗಿದ ಮೇಲೆ ಕೇಳಿದರು: "ಮೇಷ್ಟ್ರೇ, ಬೆಳಿಗ್ಗೆ ಗಾಳ ಹಾಕ್ತೀನಿ, ಸಂಜೆ ಶೀಲ ತಗೋತೀನಿ. ಎರಡ್ರಲ್ಲಿ ಯಾವ್ದು ಸುಳ್ಳು?" ಪಕ್ಕದಲ್ಲಿದ್ದ ಯುವಕರೊಬ್ಬರು, "ಮೊದಲು ಗಾಳ ಬಿಡಿ ಅಣ್ಣ, ಆಮೇಲೆ ಶೀಲ ಹೇಳಿ" ಎಂದರು. ಹಿರಿಯರು ಮತ್ತೆ ಮಾತಾಡಲಿಲ್ಲ. ಮುಂದಿನ ಹುಣ್ಣಿಮೆಗೆ ಬರಲೂ ಇಲ್ಲ. ಯುವಕರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಒಬ್ಬ ಮನುಷ್ಯ ಧಮ್ಮದ ಬಾಗಿಲಿಗೆ ಬಂದು ಹಿಂದಿರುಗುವುದು ಸಣ್ಣ ವಿಷಯವಲ್ಲ. ಆದ್ದರಿಂದ ಇಂದು ಇದನ್ನೇ ಯೋಚಿಸೋಣ.

ಮೊದಲು ಆ ಮೀನನ್ನೂ ಹಿಡಿಯುವವರನ್ನೂ ನೋಡೋಣ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಮುಂಗಾರು ಬೆಳೆಗೆ ಬಿಟ್ಟ ನೀರು ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಬೇಸಿಗೆ ಬೆಳೆಗೆ ಜನವರಿಯಲ್ಲಿ ಮತ್ತೆ ಬಿಡುತ್ತಾರೆ. ನಡುವಿನ ವಾರಗಳಲ್ಲಿ ನಾಲೆ ಒಣಗಿ ಅಲ್ಲಲ್ಲಿ ಗುಂಡಿಗಳಷ್ಟೇ ಉಳಿಯುತ್ತವೆ. ಗುಂಡಿಯಲ್ಲಿ ಮೀನು ಸಿಕ್ಕಿಬೀಳುತ್ತದೆ. ಕಡೂರು ಕಡೆ ಅಯ್ಯನಕೆರೆ, ಮದಗದ ಕೆರೆ, ವೇದಾವತಿಯ ಮಡುಗಳಲ್ಲಿ ಮಳೆಗಾಲದ ನೀರು ಇನ್ನೂ ನಿಂತಿರುತ್ತದೆ. ದೊಡ್ಡ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗುವುದರಿಂದ ಬಡವನ ಪಾಲಿಗೆ ಉಳಿಯುವುದು ಹಳ್ಳ, ಮಡು ಮತ್ತು ನಾಲೆಯ ಗುಂಡಿ.

ಚಳಿಯಲ್ಲಿ ಮೀನು ಮಂಕಾಗುತ್ತದೆ. ಅದರ ಮೈಯ ಬಿಸಿ ನೀರಿನ ಬಿಸಿಯೊಂದಿಗೇ ಏರಿಳಿಯುತ್ತದೆ. ನೀರು 25ರಿಂದ 30 ಡಿಗ್ರಿ ಇದ್ದಾಗ ಚೆನ್ನಾಗಿ ಮೇಯುವ ಕಾಟ್ಲಾ, ರೋಹು ಮೀನುಗಳು 20 ಡಿಗ್ರಿಗಿಂತ ಕೆಳಗಾದರೆ ಮೇವು ಕಡಿಮೆ ಮಾಡಿ ಆಳದಲ್ಲಿ ನಿಲ್ಲುತ್ತವೆ. ಆಗ ಗಾಳಕ್ಕೆ ಬರುವುದು ಕಷ್ಟ. ಮಂಜು ಕರಗಿ ಬಿಸಿಲೇರುವವರೆಗೆ ಎರೆಹುಳವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಚುಚ್ಚಿ ಕಾಯಬೇಕು. ಆದರೆ ಆಳವಿಲ್ಲದ ಗುಂಡಿಯಲ್ಲಿ ಸಿಕ್ಕಿದ ಮೀನಿಗೆ ಓಡಲು ಜಾಗವಿಲ್ಲ, ಚಳಿಗೆ ಚುರುಕೂ ಇಲ್ಲ. ಅದನ್ನು ಕೈಯಲ್ಲೇ ಹಿಡಿಯಬಹುದು.

ಹಿಡಿಯುವವರು ಯಾರು? ರಾಗಿ ಕೊಯ್ಲು ಮುಗಿದಿರುತ್ತದೆ. ಮೈಯಲ್ಲಿ ಶಕ್ತಿ ಇದ್ದವರು ಗಿರಿಯ ಕಡೆ ಕಾಫಿ ಕುಯ್ಲಿಗೆ ಹೋಗಿರುತ್ತಾರೆ. ಹೋಗಲಾಗದ ವಯಸ್ಸಿನವರು ಊರಲ್ಲಿ ಉಳಿಯುತ್ತಾರೆ. ಅವರು ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ನಾಲ್ಕು ಮೀನು ಹಿಡಿದರೆ ಎರಡು ಮನೆಗೆ, ಎರಡು ಮಾರಾಟಕ್ಕೆ.

ಈಗ ಧಮ್ಮ ಏನು ಹೇಳುತ್ತದೆ? ಕಷ್ಟದ ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಅಂಗುತ್ತರ ನಿಕಾಯದಲ್ಲಿ ತಥಾಗತರು ಕೋಸಲ ದೇಶದಲ್ಲಿ ಮೀನು ಕೊಂದು ಮಾರುತ್ತಿದ್ದವನೊಬ್ಬನನ್ನು ಕಾಣುತ್ತಾರೆ. ಈ ಕಸುಬಿನಿಂದ ಆನೆ ಕುದುರೆ ಏರಿದವನನ್ನು ನೋಡಿದ್ದೀರಾ ಎಂದು ಭಿಕ್ಖುಗಳನ್ನು ಕೇಳುತ್ತಾರೆ. ಇಲ್ಲ ಎನ್ನುತ್ತಾರೆ. ಕೊಲೆಗೆ ತಂದ ಮೀನುಗಳನ್ನು ಅವನು ಕೆಟ್ಟ ಮನಸ್ಸಿನಿಂದ ನೋಡುತ್ತಾನೆ, ಅದೇ ಕಾರಣ ಎಂದು ಬುದ್ಧರು ವಿವರಿಸುತ್ತಾರೆ. ಅದೇ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಹೆಸರಿಸುವಾಗ ಜೀವಿಗಳ ವ್ಯಾಪಾರ, ಮಾಂಸದ ವ್ಯಾಪಾರ ಎರಡೂ ಬರುತ್ತವೆ. ಉದಾನದಲ್ಲಿ ಇನ್ನೊಂದು ಪ್ರಸಂಗವಿದೆ. ಸಾವತ್ಥಿ ಮತ್ತು ಜೇತವನದ ನಡುವೆ ಹುಡುಗರು ಮೀನುಗಳನ್ನು ಹಿಂಸಿಸುತ್ತಿದ್ದರು. ನಿಮಗೆ ನೋವೆಂದರೆ ಭಯವಿಲ್ಲವೇ ಎಂದು ಬುದ್ಧರು ಕೇಳಿದರು. ಭಯವಿದೆ ಎಂದರು ಹುಡುಗರು. ಹಾಗಿದ್ದರೆ ಕೆಟ್ಟದ್ದನ್ನು ಮಾಡಬೇಡಿ ಎಂದರು. ಮೀನಿಗೂ ನೋವಿದೆ ಎಂಬಲ್ಲಿ ಧಮ್ಮಕ್ಕೆ ಸಂದೇಹವಿಲ್ಲ.

ಹಾಗಾದರೆ ಯುವಕರು ಹೇಳಿದ್ದೇ ಸರಿಯೇ? ಅವಸರ ಬೇಡ. ವಿನಯಪಿಟಕದಲ್ಲಿ ದೇವದತ್ತ ಐದು ಬೇಡಿಕೆ ಇಡುತ್ತಾನೆ. ಭಿಕ್ಖುಗಳು ಜೀವನಪೂರ್ತಿ ಮೀನು, ಮಾಂಸ ಮುಟ್ಟಬಾರದು ಎಂಬುದು ಅದರಲ್ಲೊಂದು. ಬುದ್ಧರು ಒಪ್ಪಲಿಲ್ಲ. ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಅನುಮಾನವೂ ಇರಬಾರದು, ಅಂಥ ಆಹಾರವನ್ನು ಭಿಕ್ಖು ಸ್ವೀಕರಿಸಬಹುದು ಎಂದರು. ಊಟದ ತಟ್ಟೆಯಿಂದ ಒಬ್ಬನ ಶುದ್ಧಿ ಅಳೆಯುವ ದಾರಿಯನ್ನು ಅವರು ಅಲ್ಲೇ ಮುಚ್ಚಿದರು. ತಟ್ಟೆಯಿಂದ ಮನುಷ್ಯನನ್ನು ಅಳೆದ ಸಮಾಜ ನಮ್ಮನ್ನು ಎಲ್ಲಿ ನಿಲ್ಲಿಸಿತು ಎಂಬುದನ್ನು ಬಾಬಾಸಾಹೇಬರು 1948ರಲ್ಲಿ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬರೆದಿದ್ದಾರೆ.

ಇಲ್ಲಿ ಒಂದು ಅಪಾಯವಿದೆ, ಗಮನವಿಟ್ಟು ನೋಡಿ. ಭಿಕ್ಖು ಬೇಡಿ ತಿನ್ನುವವನು. ಅವನಿಗೆ ಹೇಳಿದ ಮಾತನ್ನು ನಾವು ಸಂಬಳದವರು, ದುಡ್ಡು ಕೊಟ್ಟು ಕೊಳ್ಳುವವರು, ನಮ್ಮ ಅನುಕೂಲಕ್ಕೆ ತಿರುಗಿಸಿಕೊಂಡರೆ ಏನಾಗುತ್ತದೆ? ತಿಂದವನು ಶುದ್ಧ, ಹಿಡಿದವನು ಪಾಪಿ. ಈ ಲೆಕ್ಕ ನಮಗೆ ಹೊಸದಲ್ಲ. ಸತ್ತ ದನ ಹೊತ್ತವರು, ಚರ್ಮ ಹದ ಮಾಡಿದವರು ಮುಟ್ಟಬಾರದವರಾದರು. ಆ ಚರ್ಮದ ಚಪ್ಪಲಿ ಮೆಟ್ಟಿದವರು ಮಡಿವಂತರಾಗಿಯೇ ಉಳಿದರು. ಕೊಳಕು ಕೆಲಸ ಒಬ್ಬನಿಗೆ, ಅದರ ಫಲ ಇನ್ನೊಬ್ಬನಿಗೆ, ಪಾಪ ಮಾತ್ರ ಮೊದಲನೆಯವನಿಗೆ. ಅದೇ ಜಾತಿಯ ಲೆಕ್ಕ. ನಾವು ಮೀನು ಸಾರು ಉಂಡು ಬಂದು, ಮೀನು ಹಿಡಿದವರಿಗೆ ಶೀಲದ ಬಾಗಿಲು ಮುಚ್ಚಿದರೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಿಟ್ಟು ಬಂದದ್ದನ್ನೇ ಧಮ್ಮದ ಹೆಸರಿನಲ್ಲಿ ಮನೆಗೆ ಕರೆತಂದಂತೆ.

ಬುದ್ಧರ ಸಂಘದಲ್ಲಿ ಹೀಗಿರಲಿಲ್ಲ. ಮಜ್ಝಿಮ ನಿಕಾಯದಲ್ಲಿ ಸಾತಿ ಎಂಬ ಭಿಕ್ಖು ಬರುತ್ತಾನೆ. ಅವನು ಮೀನುಗಾರನ ಮಗನೆಂದು ಅಲ್ಲೇ ಹೇಳಿದೆ. ಬುದ್ಧರು ಅವನನ್ನು ಗದರಿಸುತ್ತಾರೆ. ಗದರಿಸಿದ್ದು ಅವನು ಹಿಡಿದಿದ್ದ ತಪ್ಪು ತಿಳಿವಳಿಕೆಗೆ, ಅವನ ಹುಟ್ಟಿಗಲ್ಲ, ಅಪ್ಪನ ಕಸುಬಿಗೂ ಅಲ್ಲ.

ಹಾಗೆಂದು ಕೊಲ್ಲುವುದು ಸರಿ ಎಂದಾಗುವುದಿಲ್ಲ. ಇಲ್ಲಿ ನಮಗೆ ದಾರಿ ತೋರುವುದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕುರಿತು ಬಾಬಾಸಾಹೇಬರು ಬರೆದ ಭಾಗ. ಅವರು ಎರಡನ್ನು ಬೇರೆ ಮಾಡುತ್ತಾರೆ: ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಅವರ ಪ್ರಕಾರ ಬುದ್ಧರ ಅಹಿಂಸೆ ಒಂದು ತತ್ವ, ನಿಯಮವಲ್ಲ. ನಿಯಮ ಕೈ ಕಟ್ಟುತ್ತದೆ, ಯೋಚಿಸಲು ಬಿಡುವುದಿಲ್ಲ. ತತ್ವ ಕೈ ಕಟ್ಟುವುದಿಲ್ಲ, ಯೋಚಿಸದೆ ಇರಲೂ ಬಿಡುವುದಿಲ್ಲ.

ಈ ಅಳತೆಗೋಲನ್ನು ಒಂದು ದೂರದ ಉದಾಹರಣೆಗೆ ಹಿಡಿದು ನೋಡಿ. ಇಂಗ್ಲೆಂಡಿನಲ್ಲಿ ಚಳಿಗಾಲದ ನದಿಗಳಲ್ಲಿ ರೋಚ್, ಚಬ್ ಮುಂತಾದ ಮೀನುಗಳಿಗೆ ಗಾಳ ಹಾಕುವ ದೊಡ್ಡ ಹವ್ಯಾಸವಿದೆ. ಮರಿಯಾಗುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಆ ಮೀನು ಹಿಡಿಯುವಂತಿಲ್ಲ. ಹಿಡಿದದ್ದನ್ನು ಹೆಚ್ಚಾಗಿ ತಿನ್ನುವುದಿಲ್ಲ, ಮತ್ತೆ ನೀರಿಗೆ ಬಿಡುತ್ತಾರೆ. ನಮ್ಮ ಕಾವೇರಿಯ ಭೀಮೇಶ್ವರಿಯಲ್ಲೂ ಮಹಶೀರ್ ಮೀನನ್ನು ಹೀಗೆ ಹಿಡಿದು ಬಿಡುವ ಆಟ ನಡೆಯುತ್ತಿತ್ತು. ಅಲ್ಲಿ ಮೀನು ಸಾಯುವುದಿಲ್ಲ. ಆದರೆ ಅದರ ಬಾಯಿಗೆ ಕೊಕ್ಕೆ ಬೀಳುವುದು ಒಬ್ಬನ ಸಂತೋಷಕ್ಕೆ. ನಮ್ಮ ನಾಲೆಯ ಗುಂಡಿಯಲ್ಲಿ ಮೀನು ಸಾಯುತ್ತದೆ, ಒಂದು ಮನೆಯ ಊಟಕ್ಕೆ. ಸಾವನ್ನು ಮಾತ್ರ ಎಣಿಸುವವನು ಮೊದಲನೆಯವನನ್ನು ಒಳ್ಳೆಯವನೆನ್ನುತ್ತಾನೆ. ಮನಸ್ಸನ್ನೂ ಎಣಿಸುವವನು ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ. ಸಾವತ್ಥಿಯ ಹುಡುಗರನ್ನು ಬುದ್ಧರು ತಡೆದು ಕೇಳಿದ್ದು ಆಟಕ್ಕೆ ಕೊಡುವ ನೋವನ್ನು.

ಅಗತ್ಯ ಎಂಬ ಮಾತೂ ಜಾರುವ ಮಾತು. ಯಜ್ಞದಲ್ಲಿ ಪಶು ಕೊಂದವರೂ ಅದನ್ನು ಅಗತ್ಯ ಎಂದೇ ಹೇಳಿದ್ದರು. "ಗುಂಡಿ ಒಣಗಿದ್ರೆ ಮೀನು ಹೇಗೂ ಸಾಯುತ್ತೆ, ಹಿಡಿದ್ರೇನು?" ಎಂದು ಕೆಲವರು ಕೇಳುತ್ತಾರೆ. ಹೇಗೂ ಸಾಯುವುದು ಎಂಬ ಮಾತು ಕೊಲ್ಲುವ ಕೈಯನ್ನು ತೊಳೆಯುವುದಿಲ್ಲ. ಹೇಗೂ ಸಾಯುವವರು ನಾವೆಲ್ಲರೂ. ಆದ್ದರಿಂದ ಅಗತ್ಯ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಟ್ಟು ನೋಡಬೇಕು.

ಮನೆಗೆ ನಾಲ್ಕು ಮೀನು ಬೇಕಾದಾಗ ಗುಂಡಿಯನ್ನೇ ಬರಿದು ಮಾಡುವುದು ಅಗತ್ಯವಲ್ಲ. ಮರಿಗಳನ್ನು ಬುಟ್ಟಿಗೆ ತುಂಬುವುದು ಅಗತ್ಯವಲ್ಲ, ಅವನ್ನು ಹರಿಯುವ ನೀರಿಗೆ ಒಯ್ದು ಬಿಡಬಹುದು. ಸಾಮಾನ್ಯ ಗೆಂಡೆ ಜನವರಿಯಿಂದಲೇ ಮೊಟ್ಟೆ ಇಡಲು ತೊಡಗುತ್ತದೆ, ಹೊಟ್ಟೆ ಉಬ್ಬಿದ ಗೆಂಡೆಯನ್ನು ಬಿಟ್ಟರೆ ಒಂದು ಊಟ ಕಡಿಮೆಯಾಗಬಹುದು, ಸಾವಿರಾರು ಜೀವ ಉಳಿಯಬಹುದು. ಕರೆಂಟ್ ಹರಿಸುವುದು, ಬ್ಲೀಚಿಂಗ್ ಪುಡಿ ಸುರಿಯುವುದು, ಸಿಡಿಮದ್ದು ಹಾಕುವುದು ಖಂಡಿತ ಅಗತ್ಯವಲ್ಲ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಕಾಯ್ದೆಯೇ ಅಪರಾಧವೆಂದಿತ್ತು.

ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಚಳಿಯಲ್ಲಿ ಮೀನಿಗೆ ಉಸಿರಿನ ಬೇಡಿಕೆ ಕಡಿಮೆ. ಆದ್ದರಿಂದ ನೀರಿನಿಂದ ತೆಗೆದ ಮೇಲೂ ಅದು ಬೇಗ ಸಾಯುವುದಿಲ್ಲ. ಗಾಳಿಯನ್ನೂ ಉಸಿರಾಡಬಲ್ಲ ಕೊರವ ಮೀನು, ಚೇಳುಮೀನು ಒದ್ದೆ ಗೋಣಿಚೀಲದಲ್ಲಿ ಗಂಟೆಗಟ್ಟಲೆ ಬದುಕಿರುತ್ತವೆ. ಹಿಡಿದ ಕೂಡಲೇ ತಲೆಗೆ ಒಂದೇ ಪೆಟ್ಟು ಕೊಟ್ಟರೆ ಆ ಸಂಕಟ ಮುಗಿಯುತ್ತದೆ. ಆದರೆ ಕೊಳ್ಳುವ ನಮಗೆ ಮಿಡುಕುವ ಮೀನೇ ಬೇಕು, ಅದಕ್ಕೇ ಹೆಚ್ಚು ಬೆಲೆ. ಹಿಡಿದವರು ಚೀಲ ಕಟ್ಟಿ ಕಾಯುವುದು ನಮ್ಮ ಈ ಆಸೆಗಾಗಿ. ಆ ಚೀಲದೊಳಗಿನ ಗಂಟೆಗಳ ನೋವಿನಲ್ಲಿ ಅಗತ್ಯ ಯಾರದು, ಇಚ್ಛೆ ಯಾರದು? ಹಿಡಿದವರದು ಅಗತ್ಯ. ಇಚ್ಛೆ ಕೊಂಡವರದು. ಮೊದಲ ಶೀಲ ಮುರಿಯುವ ಜಾಗ ಯಾವಾಗಲೂ ನೀರಿನ ದಡವೇ ಅಲ್ಲ, ಸಂತೆಯೂ ಹೌದು, ಅಡುಗೆಮನೆಯೂ ಹೌದು.

ಸಾಮ್ರಾಟ ಅಶೋಕ ಈ ಹಂಚಿಕೆಯನ್ನು ಬಲ್ಲವನು. ಪಟ್ಟವೇರಿ 26 ವರ್ಷವಾದಾಗ ಬರೆಸಿದ ಐದನೇ ಸ್ತಂಭ ಶಾಸನದಲ್ಲಿ, ಉಪೋಸಥದ ದಿನಗಳೂ ಸೇರಿ ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂಬಾರದು ಎಂದ. ಕೊಲ್ಲುವುದಕ್ಕೂ ಮಾರುವುದಕ್ಕೂ ಒಂದೇ ಕಟ್ಟು. ಮೀನುಗಾರರನ್ನು ಅವನು ರಾಜ್ಯದಿಂದ ಓಡಿಸಲಿಲ್ಲ, ಬಿಡುವಿನ ದಿನಗಳನ್ನು ಗೊತ್ತುಮಾಡಿದ. ನಮ್ಮ ಕಡೂರು ದಾಟಿ ವೇದಾವತಿ ಹರಿದುಹೋಗುವ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅವನ ಶಾಸನವಿದೆ. ತಾಯಿತಂದೆಯ ಸೇವೆ, ಸತ್ಯ ನುಡಿಯುವುದು ಇವುಗಳ ಜೊತೆಗೆ ಜೀವಿಗಳ ಬಗೆಗಿನ ಕಾಳಜಿಯನ್ನೂ ಅದು ಹೇಳುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಉತ್ತರ. ಕನ್ನಡ ಮೇಷ್ಟ್ರಾಗಿ ಒಂದು ಪದದಿಂದ ಹೇಳುತ್ತೇನೆ. ಪಾಲಿಯಲ್ಲಿ ಶೀಲಗಳಿಗೆ 'ಸಿಕ್ಖಾಪದ' ಎನ್ನುತ್ತಾರೆ, ಎಂದರೆ ಶಿಕ್ಷಾಪದ. ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ ಎಂಬ ಅರ್ಥವೇ ಮುಂದಾಗಿದೆ. ಮೂಲ ಅರ್ಥ ಕಲಿಕೆ. 'ಶಿಕ್ಷಣ'ದಲ್ಲಿ, 'ಶಿಕ್ಷಕ'ರಲ್ಲಿ ಅದು ಉಳಿದಿದೆ. ಶೀಲ ಹೇಳುವವನು ನಾನು ಪೂರ್ತಿ ಶುದ್ಧನೆಂದು ಸಾರುವುದಿಲ್ಲ, ಇದನ್ನು ಕಲಿಯಲು ಒಪ್ಪಿದ್ದೇನೆ ಎನ್ನುತ್ತಾನೆ. ಲೆಕ್ಕ ಬಾರದ ಮಗುವಿಗೆ, ಲೆಕ್ಕ ಕಲಿತ ಮೇಲೆ ಶಾಲೆಗೆ ಬಾ ಎಂದು ಯಾವ ಶಿಕ್ಷಕರೂ ಹೇಳಲಾರರು. ಹಾಗಾಗಿ ಅಣ್ಣ, ನಿಮ್ಮ ಗಾಳವೂ ಸುಳ್ಳಲ್ಲ, ನಿಮ್ಮ ಶೀಲವೂ ಸುಳ್ಳಲ್ಲ. ಗಾಳ ನಿಮ್ಮ ಇಂದಿನ ಬದುಕು. ಶೀಲ ನೀವು ಹೋಗಬೇಕೆಂದಿರುವ ದಿಕ್ಕು. ಎರಡರ ನಡುವೆ ನಿಮಗೆ ಅನಿಸಿದ ಇರಿತವೇ ಕಲಿಕೆಯ ಆರಂಭ. ಅದು ಅನಿಸದೆ ಮೀನು ತಿಂದು ಬಂದ ನಮಗಿಂತ ನೀವು ಒಂದು ಹೆಜ್ಜೆ ಮುಂದಿದ್ದೀರಿ.

ಅವರು ಗಾಳ ಕೆಳಗಿಡಲಿ ಎಂಬ ಆಸೆ ನಮಗಿದ್ದರೆ ಅದಕ್ಕೆ ನಮ್ಮ ಪಾಲೂ ಇದೆ. ಉದ್ಯೋಗ ಖಾತ್ರಿಯ ಅರ್ಜಿ, ವೃದ್ಧಾಪ್ಯ ವೇತನದ ಕಾಗದ, ಎರಡು ಕುರಿಮರಿ ಕೊಳ್ಳಲು ಬಳಗದಿಂದ ಕೈಗಡ: ಯಾವುದಾದರೂ ಆಗಬಹುದು. ಕುರಿ ಸಾಕಿದರೂ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ, ಅದೂ ನಿಜ. ಬಡವನ ಮುಂದೆ ಪೂರ್ತಿ ಶುದ್ಧವಾದ ಕಸುಬುಗಳ ಪಟ್ಟಿ ಯಾರೂ ಇಟ್ಟಿಲ್ಲ. 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ತೋರುವ ಪ್ರತಿಜ್ಞೆಯಿದೆ. ಎಲ್ಲ ಜೀವಿಗಳು ಎಂದಾಗ ಮೀನೂ ಅದರಲ್ಲಿದೆ, ಚಳಿಯಲ್ಲಿ ನಿಂತು ಮೀನು ಹಿಡಿಯುವವರೂ ಇದ್ದಾರೆ.

ಇಂದಿನ ಮನನಕ್ಕೆ ಮೂರು ಪ್ರಶ್ನೆಗಳು:

1. ನನ್ನ ಊಟಕ್ಕಾಗಿ ಆಗುವ ಹಿಂಸೆಯಲ್ಲಿ ಅಗತ್ಯ ಎಷ್ಟು, ನಾಲಿಗೆಯ ಇಚ್ಛೆ ಎಷ್ಟು?

2. ನನ್ನ ಪರವಾಗಿ ಕೊಳಕು ಕೆಲಸ ಮಾಡುವವರನ್ನು ನಾನು ಮನಸ್ಸಿನಲ್ಲಿ ಕೆಳಗಿಟ್ಟಿದ್ದೇನೆಯೇ?

3. ನನ್ನ ಮಾತಿನಿಂದ ಯಾರಾದರೂ ಧಮ್ಮದಿಂದ ದೂರವಾಗಿದ್ದರೆ, ಅವರ ಮನೆಗೆ ಹೋಗಿ ಕರೆಯಲು ನನಗೆ ಯಾವ ಅಡ್ಡಿ ಇದೆ?

ಉತ್ತರವನ್ನು ಗ್ರೂಪಿನಲ್ಲಿ ಬರೆಯಲೇಬೇಕೆಂದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮಗೆ ನೀವೇ ಹೇಳಿಕೊಂಡರೆ ಸಾಕು.

ನಮೋ ಬುದ್ಧಾಯ. ಜೈ ಭೀಮ್.