ಉಪಾಧ್ಯಾಯರ ಸ್ವಾಧ್ಯಾಯ

ಹಲವು ವರ್ಷ ಪಾಠ ಹೇಳಿದ ಉಪಾಧ್ಯಾಯರೊಬ್ಬರು ತತ್ತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿದರೆ, ಬಂಧುಗಳು ಮೊದಲು ಕೇಳುವುದು "ಇದರಿಂದೇನು ಲಾಭ?" ಎಂದೇ. ವ್ಯಾಪಾರವನ್ನೇ ಅವಲಂಬಿಸಿದ ಸಮಾಜದಲ್ಲಿ ಈ ಪ್ರಶ್ನೆ ಸಹಜ. ಆದರೆ ಆ ಲಾಭವನ್ನು ಯಾವ ಖಾತೆಗೆ ಬರೆಯಬೇಕೆಂಬುದು ವಿಚಾರಾರ್ಹ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಭ್ಯಂತರ ತಪಸ್ಸಿನಲ್ಲಿ ಎಣಿಸಿ, ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ಬಗೆಯಾಗಿ ವಿಭಾಗಿಸಿದೆ. ಓದು, ಸಂಶಯ ನಿವಾರಣೆಗಾಗಿ ಪ್ರಶ್ನೆ, ಮನನ, ಶುದ್ಧವಾದ ಆವರ್ತನೆ ಇವುಗಳ ಅನಂತರವೇ ಉಪದೇಶ ಬಂದಿದೆ. ಉಪಾಧ್ಯಾಯ ವೃತ್ತಿಯಲ್ಲಾದರೋ ಉಪದೇಶವು ನಿತ್ಯದ ಕೆಲಸವಾಗಿ, ಪೃಚ್ಛನೆಯು ಮರೆತುಹೋಗುವ ಭಯವಿದೆ.

ತರಗತಿಯಲ್ಲಿ ಬಾಲಕನೊಬ್ಬ, "ಒಂದು ಜೀವಕ್ಕೆ ಆಪತ್ತು ತರುವ ಸತ್ಯವನ್ನೂ ಹೇಳಲೇಬೇಕೆ?" ಎಂದು ಕೇಳಿದನೆನ್ನೋಣ. ಜರ್ಮನಿಯ ದಾರ್ಶನಿಕ ಕಾಂಟನು 1797ರ ಲೇಖನವೊಂದರಲ್ಲಿ, ಬೆನ್ನಟ್ಟಿ ಬಂದ ಕೊಲೆಗಾರನಿಗೂ ಸುಳ್ಳು ಹೇಳುವ ಹಕ್ಕಿಲ್ಲವೆಂದು ವಾದಿಸಿದನು. ಆಚಾರ್ಯ ಸಮಂತಭದ್ರರಾದರೋ ರತ್ನಕರಂಡಕ ಶ್ರಾವಕಾಚಾರದಲ್ಲಿ, ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯದಿರುವುದನ್ನು ಸತ್ಯಾಣುವ್ರತದಲ್ಲಿ ಸೇರಿಸಿದರು. ಹಾಗಾದರೆ ತನಗೆ ಅನನುಕೂಲವಾದ ಸತ್ಯವನ್ನೆಲ್ಲ ವರ್ತಕನು ಗ್ರಾಹಕನಿಂದ ಮುಚ್ಚಿಡಬಹುದೇ? ಖಂಡಿತ ಕೂಡದು, ಅಲ್ಲಿ ಕಾಯುವುದು ಪರರ ಪ್ರಾಣವನ್ನಲ್ಲ, ಸ್ವಂತ ಲೋಭವನ್ನು. ಎರಡು ದರ್ಶನಗಳನ್ನೂ ಓದಿದ ಉಪಾಧ್ಯಾಯರು ಬಾಲಕನ ಬಾಯಿ ಮುಚ್ಚಿಸದೆ ಈ ಭೇದವನ್ನು ತಿಳಿಯಪಡಿಸಬಲ್ಲರು. ಪರಮತವನ್ನು ಓದಿದರೆ ಶ್ರದ್ಧೆ ಸಡಿಲವಾದೀತೆಂಬ ಶಂಕೆಗೂ ಇದೇ ಸಮಾಧಾನ. ಪೂರ್ವಪಕ್ಷವನ್ನರಿತಾಗಲೇ ಸ್ವಪಕ್ಷವು ಸ್ಪಷ್ಟವಾಗುವುದು.

ಇಂತಹ ವ್ಯಾಸಂಗಕ್ಕೆ ನೌಕರಿಯನ್ನು ಬಿಡಬೇಕಿಲ್ಲ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ತತ್ತ್ವಶಾಸ್ತ್ರದ ಎಂ.ಎ. ಶಿಕ್ಷಣಕ್ಕೆ ಯಾವುದೇ ವಿಷಯದ ಪದವೀಧರರನ್ನು ಸ್ವೀಕರಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೆ ಒಂದು ಎಚ್ಚರ ಅಗತ್ಯ: ಅಷ್ಟಮದಗಳನ್ನು ಹೇಳುವಾಗ ಸಮಂತಭದ್ರರು ಜ್ಞಾನಮದವನ್ನೇ ಮೊದಲಿಗಿಟ್ಟಿದ್ದಾರೆ. ಹೆಸರಿನ ಮುಂದಿನ ಅಕ್ಷರಗಳಿಗಾಗಿ ಮಾತ್ರ ಓದಿದರೆ ಅದು ಸ್ವಾಧ್ಯಾಯವಾಗದು.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಂದು ಓಲೆಗರಿಯ ಪ್ರತಿಯೇ ಶಾಸ್ತ್ರದಾನ. ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ಅವನ್ನು ಅರಿತು ಬೋಧಿಸುವವರು ಬೇಕಾಗಿದ್ದಾರೆ. ಬಸದಿಗಳ ಆಡಳಿತ ಮಂಡಳಿಗಳು ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆರವಾಗುವುದು ಉಚಿತವೇ. ಅದರೊಂದಿಗೆ ಪ್ರತಿವರ್ಷ ಒಬ್ಬ ಉಪಾಧ್ಯಾಯರ ಅಥವಾ ಉಪಾಧ್ಯಾಯಿನಿಯ ತತ್ತ್ವಶಾಸ್ತ್ರ ವ್ಯಾಸಂಗದ ಶುಲ್ಕವನ್ನು ಭರಿಸಿ, ಅವರು ಕಲಿತುದನ್ನು ಪಾಠಶಾಲೆಯ ಮಕ್ಕಳಿಗೆ ಹೇಳುವಂತೆ ಏರ್ಪಡಿಸಿದರೆ, ಅದೂ ಶಾಸ್ತ್ರದಾನವೇ ಆಗುವುದು.